ಸುಂದರಾಬಾಯಿ ಕಂಡ ಎರಡು ಸೂರ್ಯಾಸ್ತ

ನಮ್ಮ ಅತ್ತೆ ಸುಂದರಾಬಾಯಿಯವರಿಗೆ ಗೋಡೆಯ ಕ್ಯಾಲೆಂಡರಿನ ಮೇಲೆ ನಂಬಿಕೆ ಇರಲಿಲ್ಲ. ಅದರಲ್ಲಿ ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷ ಎಂದು ಅಚ್ಚಾಗಿದ್ದರೆ, “ಅಚ್ಚ ಹಾಕಿದಾಂವ ನಮ್ಮ ಮಾಳಗಿ ಹತ್ತಿ ನೋಡ್ಯಾನೇನು?” ಎಂದು ಕೇಳುತ್ತಿದ್ದರು. ಮಾಳಿಗೆ ಹತ್ತಿ ನೋಡುತ್ತಿದ್ದವರು ಅವರೊಬ್ಬರೇ.

ಕೊಣ್ಣೂರಿನ ನಮ್ಮ ಬಸದಿ ಓಣಿಯಲ್ಲಿ ಹದಿನಾಲ್ಕು ಜೈನರ ಮನೆಗಳಿವೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ನೇಮ. ಹೊತ್ತು ಮುಳುಗಿತು ಎಂದು ಹೇಳುವವರು ಯಾರು ಎಂಬುದೇ ತಕರಾರು. ಹಿಂದೊಮ್ಮೆ ಎರಡು ಮನೆಗಳ ಗಡಿಯಾರ ಒಂದಕ್ಕೊಂದು ಆರು ನಿಮಿಷ ತಪ್ಪಿ, ಉಂಡವರು ಸರಿಯೋ ಬಿಟ್ಟವರು ಸರಿಯೋ ಎಂದು ಓಣಿಯಲ್ಲಿ ದೊಡ್ಡ ಜಗಳವಾಯಿತಂತೆ. ಅವತ್ತು ಅತ್ತೆ ಒಂದು ಹಿತ್ತಾಳೆ ತಾಟು, ಒಂದು ಚಮಚ ಹಿಡಿದು ಮಾಳಿಗೆ ಹತ್ತಿದರು. ಆ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಮೂವತ್ತೆರಡು ವರ್ಷ ಯಾರೂ ಕಿತ್ತುಕೊಳ್ಳಲೂ ಇಲ್ಲ.

ಹಿಡಕಲ್ ಕಡೆಯ ಗುಡ್ಡದ ಹಿಂದೆ ಸೂರ್ಯನ ಕೊನೆಯ ಅಂಚು ಇಳಿಯುವವರೆಗೂ ಅವರು ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದರು. ಮೋಡವಿದ್ದ ದಿನ ಅಂಗೈಯನ್ನು ಮುಖದ ಮುಂದೆ ಹಿಡಿದು ಗೆರೆಗಳನ್ನು ನೋಡುತ್ತಿದ್ದರು. ಗೆರೆ ಕಾಣುವ ತನಕ ಹೊತ್ತಿದೆ, ಗೆರೆ ಮಾಸಿದರೆ ಇಲ್ಲ. ಆಮೇಲೆ ತಾಟಿಗೆ ಮೂರು ಏಟು. ಹದಿನಾಲ್ಕೂ ಮನೆಗಳಲ್ಲಿ ಕೈ ಬಾಯಿಗೆ ಹೋಗುವುದು ನಿಲ್ಲುತ್ತಿತ್ತು. ಹಿಂದಿನ ಓಣಿಯ ಕುರುಬರ ಶಿವವ್ವ ಮಾತ್ರ ಅದೇ ಸದ್ದಿಗೆ ಕುರಿಗಳನ್ನು ದೊಡ್ಡಿಗೆ ಹಾಕಿ, ಒಲೆ ಹಚ್ಚಿ, ಅಡಿಗೆ ಶುರು ಮಾಡುತ್ತಿದ್ದಳು.

ಅತ್ತೆ ಹುಟ್ಟಿದ್ದು ಮೂಡಲಗಿಯಲ್ಲಿ, ಕಲಿತದ್ದು ಮೂರನೆಯ ಇಯತ್ತೆ. ಗಿಡ್ಡ ಆಳು, ದೊಡ್ಡ ದನಿ. ದೇವರ ಮುಂದೆ ಮರಾಠಿ, ನನ್ನ ಮುಂದೆ ಕನ್ನಡ, ಸಿಟ್ಟು ಬಂದರೆ ಎರಡೂ. ಅರವತ್ತೇಳನೆಯ ವಯಸ್ಸಿನಲ್ಲೂ ಕನ್ನಡಕ ಬೇಕಿರಲಿಲ್ಲ. ಅವರ ಹೆಮ್ಮೆಯೆಲ್ಲ ಆ ಕಣ್ಣುಗಳಲ್ಲೇ ಇತ್ತು.

ನಾನು ಅವರ ಸೊಸೆ ಸೋನಾಲಿ. ತವರು ಹುಕ್ಕೇರಿ. ಗೋಕಾಕದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆ ಬಿಡುವುದು ಐದಕ್ಕೆ, ಬಸ್ಸು ಸಿಗುವುದು ಅದರ ಮನಸ್ಸಿಗೆ ಬಂದಾಗ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಚಳಿಗಾಲದಲ್ಲಿ ಮಾತ್ರ ನಾನು ಊರಬಾಗಿಲ ಅಗಸಿ ದಾಟುವ ಹೊತ್ತಿಗೆ ಸರಿಯಾಗಿ ತಾಟು ಬಡಿಯುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ಅದು ಕೈಗೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಒಂದು ತುಂಡು ಕರದಂಟು ತಿಂದಿದ್ದರೆ ಪುಣ್ಯ, ಇಲ್ಲದಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಗಂಡ ಗೊಮ್ಮಟೇಶ ಐದೂವರೆಗೇ ಉಂಡು ತೇಗುತ್ತಿದ್ದರು. “ಹಸಿವಾಗಿದೆ” ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನು ಹೇಳಲಿಲ್ಲ. ಅತ್ತೆಯೇ ಕೇಳಲಿ ನೋಡೋಣ ಎಂಬ ಹಟ. ಅವರು ಕೇಳಲಿಲ್ಲ. ಆ ಸಿಟ್ಟು ನನ್ನೊಳಗೆ ಪ್ರತಿ ಚಳಿಗಾಲಕ್ಕೆ ಒಂದು ಪದರ ಬೆಳೆಯುತ್ತಿತ್ತು.

೨೦೦೫ರಲ್ಲಿ ಮುಂಬೈಯಲ್ಲಿರುವ ನಾದಿನಿ ಭಕ್ತಿಗೆ ಮಗುವಾಯಿತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಬಾಣಂತನಕ್ಕೆ ಕೊಣ್ಣೂರಿಗೆ ಬರಲು ಡಾಕ್ಟರು ಬಿಟ್ಟಿರಲಿಲ್ಲ. ಮಗಳಿಗೆ ಮಕ್ಕಳಾಗುವ ತನಕ ತಾಯಿ ಅವಳ ಮನೆಯಲ್ಲಿ ನೀರನ್ನೂ ಮುಟ್ಟಬಾರದು ಎಂಬುದು ನಮ್ಮ ಕಡೆಯ ಹಳೆಯ ರೂಢಿ. ಅತ್ತೆ ಅದನ್ನು ಬಿಗಿಯಾಗಿ ಹಿಡಿದಿದ್ದರು. ಎರಡು ಸಲ ಮುಂಬೈಗೆ ಹೋದವರು ಮಗಳ ಮನೆಯ ಬಾಗಿಲಲ್ಲಿ ಕೂತು, ಊರಿಂದ ಒಯ್ದ ರೊಟ್ಟಿ ತಿಂದು, ಊರಿಂದ ಒಯ್ದ ನೀರು ಕುಡಿದು ಬಂದಿದ್ದರು. ಈಗ ಆ ಬೇಲಿ ಬಿದ್ದಿತ್ತು. ತೊಟ್ಟಿಲ ಕಾರ್ಯಕ್ಕೆ ಬರಲು ಅಳಿಯ ಅತ್ತೆಗೂ ನನಗೂ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೋಗುವ ಮಧ್ಯಾಹ್ನದ ವಿಮಾನದ ಟಿಕೀಟು ಕಳಿಸಿದ. ಒಂದೂವರೆಗೆ ಹತ್ತಿದರೆ ಮೂರಕ್ಕೆ ಮುಂಬೈ, ನಾಲ್ಕಕ್ಕೆ ಮನೆ.

ನಾವು ಹೊರಡುವ ದಿನ ನವೆಂಬರಿನ ಗೌರಿ ಹುಣ್ಣಿಮೆ. ಹಿಂದಿನ ದಿನ ಚತುರ್ದಶಿ. ಚತುರ್ದಶಿಯೆಂದರೆ ಅತ್ತೆಗೆ ನೀರೂ ಇಲ್ಲದ ಉಪವಾಸ. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿಬಂದು ಪಾರಣೆ ಮಾಡುವುದು, ಅಂದರೆ ಉಪವಾಸ ಬಿಡುವುದು, ಅವರ ಕ್ರಮ. ಆ ಬೆಳಿಗ್ಗೆ ನಾನು ಬಿಸಿನೀರು ತಂದಿಟ್ಟರೆ ಅವರು ಲೋಟವನ್ನು ಹಿಂದಕ್ಕೆ ಸರಿಸಿದರು.

“ಇವತ್ತ ಪಾರಣಿ ಮಗಳ ಕೈಯಾಗ,” ಎಂದರು.

“ಅತ್ಯಾರ, ನಾಲ್ಕ ಗಂಟೆ ತನಕ ನೀರಿಲ್ದ ಹೆಂಗ್ರಿ?”

“ಒಂಬತ್ತ ವರ್ಷ ಇದ್ದಾಕಿಗಿ ನಾಲ್ಕ ಗಂಟೆ ತನಕ ಇರಾಕ ಆಗೂದಿಲ್ಲೇನ?”

ಅವರಿಗೆ ರಕ್ತದೊತ್ತಡ ಇತ್ತು. ನೀರು ತಪ್ಪಿಸಬಾರದೆಂದು ಡಾಕ್ಟರು ಗದರಿಸಿ ಹೇಳಿದ್ದರು. ಹೊತ್ತು ಮುಳುಗುವುದರೊಳಗೆ ಅವರ ಬಾಯಿಗೆ ನೀರು ಬೀಳದಿದ್ದರೆ ಮತ್ತೊಂದು ಇಡೀ ರಾತ್ರಿ ನೀರಿಲ್ಲ. ಅವರು ಬಿದ್ದರೆ ಹಿಡಿಯಬೇಕಾದವಳು ನಾನು. ಅದಕ್ಕೇ ಒಂದು ತಾಮ್ರದ ತಂಬಿಗೆಯಲ್ಲಿ ಕಾಯಿಸಿ ಆರಿಸಿದ ನೀರು ಗಾಳಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

ಹತ್ತರಗಿ ದಾಟಿ ಹೆದ್ದಾರಿ ಹಿಡಿದು ಹನ್ನೆರಡಕ್ಕೇ ಸಾಂಬ್ರಾ ಮುಟ್ಟಿದೆವು. ತಪಾಸಣೆಯ ಪೊಲೀಸಪ್ಪ ತಂಬಿಗೆಯ ಬಟ್ಟೆ ಬಿಚ್ಚಿಸಿ, ಒಳಗೆ ಮೂಗು ಇಟ್ಟು, “ಒಂದು ಗುಟುಕು ಕುಡಿದು ತೋರಿಸ್ರಿ ಬಾಯಿಯವರ,” ಎಂದ. ಆಗೆಲ್ಲ ಹಾಗೆ ಕುಡಿದು ತೋರಿಸಿದರೆ ನೀರು ಒಳಗೆ ಬಿಡುತ್ತಿದ್ದರು.

“ಕುಡಿಯೂದಿದ್ರ ಮನ್ಯಾಗ ಕುಡದ ಬರ್ತಿದ್ದಿಲ್ಲೇನೋ ತಮ್ಮಾ? ಉಪಾಸ ಅದೇನಿ,” ಎಂದರು ಅತ್ತೆ.

“ಮತ್ತ ಇದು ನೀರಂತ ನನಗ ಹೆಂಗ ಗೊತ್ತಾಗಬೇಕ್ರಿ?”

“ನಿನ್ನ ಕಣ್ಣಿಲ್ಲೇನು?”

ಕೊನೆಗೆ ನಾನು ಕುಡಿದು ತೋರಿಸಿದೆ. ಅತ್ತೆ ಅವನ ಮೇಲಿನ ಸಿಟ್ಟನ್ನೆಲ್ಲ ಹಾಕಿ ಆ ಬಟ್ಟೆಯನ್ನು ಮತ್ತೆ ಕಟ್ಟಿದರು. ಎರಡು ಗಂಟು, ಅದರ ಮೇಲೆ ಇನ್ನೊಂದು.

ವಿಮಾನ ಬರಲಿಲ್ಲ. ಮುಂಬೈಯಿಂದಲೇ ಹೊರಟಿಲ್ಲ, ಅರ್ಧ ಗಂಟೆ, ಇನ್ನರ್ಧ ಗಂಟೆ ಎಂದು ಹೇಳುತ್ತಲೇ ನಾಲ್ಕಾಯಿತು. ನಮ್ಮ ಪಕ್ಕ ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಪಾರ್ಶ್ವನಾಥ ಕೂತಿದ್ದರು, ನನ್ನ ತವರಿನ ಓಣಿಯವರೇ. ಚಪಾತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂಬೈಯಲ್ಲಿ ಗೆಳೆಯನೊಡನೆ ಉಣ್ಣಬೇಕು ಎಂದು ಹೇಳುತ್ತ, ಗಳಿಗೆಗೊಮ್ಮೆ ಅದರ ಮುಚ್ಚಳ ಸವರುತ್ತಿದ್ದರು. ಐದಕ್ಕೆ ವಿಮಾನ ಇಳಿಯಿತು. ಈಗ ಹೊರಟರೂ ಹೊತ್ತು ಮುಳುಗುವುದರೊಳಗೆ ಮುಂಬೈ ಇಲ್ಲ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಇಲ್ಲೇ ಕುಡಿಯಿರಿ ಎಂದು ಬೇಡಿಕೊಂಡೆ, ಗದರಿದೆ. ಅತ್ತೆ ಗೋಡೆ ನೋಡುತ್ತ ಕೂತರು. ಐದೂಮುಕ್ಕಾಲಿಗೆ, “ಕತ್ತಲಾದರೆ ವಿಮಾನ ಇಲ್ಲಿಂದ ಏಳುವಂತಿಲ್ಲ, ಬೇಗ ಬನ್ನಿ,” ಎಂದು ನಿಲ್ದಾಣದವರು ನಮ್ಮನ್ನು ದನ ಅಟ್ಟಿದ ಹಾಗೆ ಅಟ್ಟಿದರು. ಅತ್ತೆ ಎದ್ದವರೇ ಓಲಾಡಿ ಕಂಬ ಹಿಡಿದರು. ಅವರ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅದೇ ಮೊದಲು.

“ಒಳಗ ಕುಂತ ಮ್ಯಾಲೆ ಒಂದ ಗುಟುಕ ಕುಡಿತೇನಿ,” ಎಂದರು, ನನ್ನ ಕಡೆ ನೋಡದೆ. ನನಗೆ ಹೋದ ಜೀವ ಬಂದಂತಾಯಿತು.

ಸಣ್ಣ ವಿಮಾನ. ಬಾಗಿಲು ಹಿಂದೆ, ಬಾಗಿಲಿಗೇ ಅಂಟಿದ ಐದಾರು ಮೆಟ್ಟಿಲು. ಈ ಕಡೆ ಎರಡು ಸೀಟು, ಆ ಕಡೆ ಎರಡು ಸೀಟು, ನಡುವೆ ಇಬ್ಬರು ಎದುರಾದರೆ ಒಬ್ಬರು ಕೂತುಬಿಡಬೇಕಾದಷ್ಟು ದಾರಿ. ರೆಕ್ಕೆ ಕಿಟಕಿಗಳ ಮೇಲಿತ್ತು. ಅದಕ್ಕೆ ಜೋತುಬಿದ್ದಂತೆ ಆರು ಎಲೆಯ ಪಂಖ. ಅದು ತಿರುಗಲು ಹತ್ತಿದಾಗ ಕೂತ ಕುರ್ಚಿ, ಹಲ್ಲು, ಬಳೆ ಎಲ್ಲ ಹಿಟ್ಟಿನ ಗಿರಣಿಯಲ್ಲಿ ನಿಂತಂತೆ ಗದಗುಟ್ಟಿದವು. ಬೇರೆ ಯಾರಾದರೂ ಹೆದರುತ್ತಿದ್ದರು. ಅತ್ತೆ ಮೂಗು ಕಿಟಕಿಗೆ ಒತ್ತಿ, “ಮ್ಯಾಲಿನ ಗಾಳಿ ನೂಕೂದಿಲ್ಲೇನು? ಇದs ಗಾಳಿ ಮಾಡ್ಕೊಂಡ ಹೋಗತೈತೇನು?” ಎಂದು ನನ್ನನ್ನು ಕೇಳಿದರು. ನನಗೆಲ್ಲಿ ಉತ್ತರ ಹೇಳಲು ಪುರಸೊತ್ತು? ನಾನು ಆ ಗಂಟಿನ ಮೇಲೆ ಬಿದ್ದಿದ್ದೆ.

ಬಟ್ಟೆ ಒದ್ದೆಯಾಗಿ ಗಂಟು ಕಲ್ಲಾಗಿತ್ತು. ಉಗುರು ಹಾಕಿದೆ, ಉಗುರು ಮುರಿಯಿತು. ವಿಮಾನ ಓಡುದಾರಿಯ ತುದಿಗೆ ತಿರುಗಿ ನಿಂತಾಗ ಕಿಟಕಿಯ ಆಚೆ ಸೂರ್ಯ ದಿಬ್ಬದ ಮೇಲೆ ಅರ್ಧ ಉಳಿದಿದ್ದ. ಹಲ್ಲು ಹಾಕಿ ಎಳೆದೆ. ಒಂದು ಗಂಟು ಬಿಚ್ಚಿತು, ಎರಡು ಬಿಚ್ಚಿದವು, ಮೂರನೆಯದೂ ಬಿಚ್ಚಿತು. “ತಗೋರಿ!” ಎಂದು ತಂಬಿಗೆ ಚಾಚಿದೆ.

ಅತ್ತೆ ಕೈ ಮುಗಿದಿದ್ದರು. “ಬ್ಯಾಡ. ಮುಳುಗಿತು.”

ಈಗಷ್ಟೇ, ಒಂದು ಉಸಿರಿನ ಹಿಂದೆ. ನಾನು ಕೂಡ ನೋಡಿದೆ. ದಿಬ್ಬದ ಮೇಲೆ ಕೆಂಪು ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಆ ಕಡೆಯ ಸೀಟಿನಲ್ಲಿ ಪಾರ್ಶ್ವನಾಥರು ತೆರೆದ ಡಬ್ಬಿಯನ್ನು ನಿಟ್ಟುಸಿರು ಬಿಟ್ಟು ಮುಚ್ಚಿದ್ದು ಕಂಡಿತು. ನನಗೆ ಅಳು ಬಂತು. ಅತ್ತೆಯ ಮೇಲೆ ಮರುಕದಿಂದ ಬಂದ ಅಳುವಲ್ಲ, ಸಿಟ್ಟಿನ ಅಳು. ತಂಬಿಗೆಯ ನೀರು ಸೀರೆಯ ಮೇಲೆ ಚೆಲ್ಲುತ್ತಿತ್ತು, ವಿಮಾನ ಓಡತೊಡಗಿತು, ಎದ್ದಿತು.

ಎದ್ದು ಒಂದು ನಿಮಿಷವಾಗಿರಬೇಕು. ಅತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು.

“ಸೋನಾಲಿ. ಇದ ಏನದು?”

ಪಡುವಣದಲ್ಲಿ ಸೂರ್ಯ ಮೂಡುತ್ತಿದ್ದ. ಮೊದಲು ಒಂದು ಕೆಂಪು ಗೆರೆ, ಆಮೇಲೆ ಅಂಚು, ಆಮೇಲೆ ಮುಕ್ಕಾಲು ಸೂರ್ಯ. ಪಂಖದ ಎಲೆಗಳ ನಡುವಿನಿಂದ ಬೆಳಕು ಬಂದು ಅತ್ತೆಯ ಮುಖವೆಲ್ಲ ಬಂಗಾರವಾಯಿತು. ಆ ಕಡೆಯ ಕಿಟಕಿಯಿಂದ ಪಾರ್ಶ್ವನಾಥರು, “ಇಲ್ಲಿ ಚಂದ್ರ ಎದ್ದಾನ್ರಿ, ಕೆಳಗ ಹಿಡಕಲ್ ನೀರು ಕಾಣಾಕತ್ತೈತಿ!” ಎಂದು ಕೂಗುತ್ತ ಈ ಕಡೆ ತಿರುಗಿದವರು ಬಾಯಿ ತೆರೆದುಕೊಂಡೇ ಕೂತರು. ಎತ್ತರ ಹೋದಷ್ಟೂ ದೂರ ಕಾಣುತ್ತದೆ, ಆದ್ದರಿಂದ ಮುಳುಗಿದ ಸೂರ್ಯ ಮತ್ತೆ ಕಾಣಬೇಕು. ಭೂಮಿ ಗುಂಡಗಿದೆ ಎಂದು ಹನ್ನೊಂದು ವರ್ಷ ಪಾಠ ಹೇಳಿದವಳಿಗೆ ಇದು ಹೊಳೆದೇ ಇರಲಿಲ್ಲ. ನಾನೂ ಒಮ್ಮೆಯೂ ಹತ್ತಿ ನೋಡಿದವಳಲ್ಲ.

“ಅತ್ಯಾರ, ಹೊತ್ತು ಐತಿ. ಕುಡೀರಿ!”

ಅವರು ತಲೆ ಅಲ್ಲಾಡಿಸಿದರು. “ಆಗಳೇ ಮುಳುಗಿತಲ್ಲ. ಮುಳುಗಿತು ಅಂತ ನನ್ನ ಬಾಯಿಲೇ ಅಂದೇನಿ.”

“ಈಗೇನ ಕಾಣಾಕತ್ತೈತಿ?”

“ಕಾಣತೈತಿ. ಅದಕ್ಕs ಅಂಜಿಕಿ ಬರ್ತೈತಿ.”

ಆಗ ನನ್ನೊಳಗಿನ ಹನ್ನೊಂದು ಪದರವೂ ಒಮ್ಮೆಗೇ ಕಿತ್ತುಬಂದವು. ಪಂಖದ ಸದ್ದಿಗಿಂತ ಜೋರಾಗಿ ಹೇಳಿದೆ.

“ಹನ್ನೊಂದ ವರ್ಷ ಆತು ನಾ ನಿಮ್ಮ ಮನಿಗಿ ಬಂದು. ಚಳಿಗಾಲದಾಗ ನಾ ಅಗಸಿ ದಾಟೂದ್ರಾಗ ನೀವು ತಾಟ ಬಡೀತೀರಿ. ಎಷ್ಟ ಸಲ ಹಸಕೊಂಡ ಮಲಗೇನಿ, ನಿಮ್ಮ ಕಣ್ಣ ಮುಳುಗೇತಿ ಅಂದಿತ್ತಂತ! ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ. ಇವತ್ತ ಅದs ಕಣ್ಣು ಮೂಡೇತಿ ಅನ್ನಾಕತ್ತೈತಿ. ಇದು ಸುಳ್ಳಂದ್ರ ನಾ ಹಸದ ಮಲಗಿದ್ದೂ ಸುಳ್ಳಿನ ಸಲುವಾಗೇನ್ರಿ?”

ಅತ್ತೆ ಸೂರ್ಯನನ್ನು ಬಿಟ್ಟು ನನ್ನನ್ನು ನೋಡಿದರು.

“ಹಸಕೊಂಡ ಮಲಗಿದ್ದೇನ?”

“ಮತ್ತೇನ ಮಾಡಬೇಕಿತ್ತ್ರಿ?”

“ಸಾಲ್ಯಾಗ ಉಂಡ ಬರ್ತಿ ಅಂತ ತಿಳಕೊಂಡಿದ್ದೆ. ದಿನಾ ಎರಡ ಡಬ್ಬಿ ಒಯ್ತಿದ್ದಿ.”

“ಒಂದರಾಗ ಮಕ್ಕಳ ನೋಟಬುಕ್ಕಿಗೆ ಹಚ್ಚೂ ಅಂಟ ಇರ್ತಿತ್ರಿ!”

“ಹೇಳಬೇಕಿಲ್ಲೇನ, ಹುಚ್ಚಿ?”

“ಕೇಳಬೇಕಿಲ್ಲೇನ್ರಿ ನೀವು?”

ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು. ನೀರು ಕುಡಿಯದೆ ಎರಡು ದಿನವಾದವರಿಗೆ ಅದು ಎಲ್ಲಿಂದ ಬಂತೋ. ಅವರು ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಯುಷ್ಯದ ಗೆರೆ, ವಿದ್ಯೆಯ ಗೆರೆ, ಚಿಕ್ಕಂದಿನಲ್ಲಿ ಮೂಡಲಗಿಯಲ್ಲಿ ಕುಡಗೋಲು ಕುಯ್ದ ಕಲೆ, ಎಲ್ಲ ನನಗೂ ಕಾಣುತ್ತಿದ್ದವು.

“ಮೂವತ್ತೆರಡ ವರ್ಷ ಈ ಕಣ್ಣ ಹೇಳಿದ್ದ ಕೇಳೇನಿ,” ಎಂದರು. “ಇವತ್ತ ನಾ ಅದರ ಮಾತ ಕೇಳಲಿಲ್ಲಂದ್ರ, ನಾಳಿಂದ ಓಣಿಯವ್ರು ಯಾಕ ಕೇಳಬೇಕು? ತಾ ಇಲ್ಲಿ.”

ತಂಬಿಗೆ ಎತ್ತಿ, ತುಟಿಗೆ ತಾಗಿಸದೆ, ಮೇಲಿಂದ ಸುರಿದುಕೊಂಡು ಕುಡಿದರು. ಗದಗುಟ್ಟುವ ವಿಮಾನದಲ್ಲಿ ಅರ್ಧ ಮೂಗಿನ ಮೇಲೆ, ಕಾಲುಭಾಗ ನನ್ನ ಮೇಲೆ. ಉಳಿದದ್ದು ಮಾತ್ರ ಗಟಗಟ ಒಳಗೆ ಇಳಿಯುವುದು ಗಂಟಲಲ್ಲಿ ಕಾಣುತ್ತಿತ್ತು. ಅಷ್ಟು ಚಂದದ ದೃಶ್ಯವನ್ನು ನಾನು ಬೇರೆ ನೋಡಿಲ್ಲ.

“ಬಾಯಿಯವರ, ಹಂಗಾರ ನಾನೂ?” ಎಂದು ಪಾರ್ಶ್ವನಾಥರು ಡಬ್ಬಿ ಎತ್ತಿ ತೋರಿಸಿದರು.

“ನಿಮ್ಮ ಕಣ್ಣಿಗಿ ಕಾಣತೈತೇನ್ರಿ?”

“ಕಾಣತೈತ್ರಿ!”

“ಮತ್ತ ನನ್ನನ್ನ್ಯಾಕ ಕೇಳ್ತೀರಿ? ಲಗೂ ಲಗೂ ಉಣ್ಣ್ರಿ.”

ಅವರು ಒಂದು ಚಪಾತಿಯನ್ನು ಮಡಿಸಿ ಬಾಯಿಗಿಟ್ಟು, ಇನ್ನೆರಡನ್ನು ನಮಗೆ ದಾಟಿಸಿದರು. ಗಗನಸಖಿ ಬಂದು, ಬೆಲ್ಟು ಬಿಚ್ಚಬೇಡಿ, ನೀರು ಚೆಲ್ಲಬೇಡಿ ಎಂದು ಬೈದಳು. ಅತ್ತೆ ಅವಳಿಗೂ ಅರ್ಧ ಚಪಾತಿ ಚಾಚಿದರು. ಅವಳು ನಗು ತಡೆಯಲಾರದೆ ಹಿಂದಕ್ಕೆ ಓಡಿದಳು. ನಾನು ಅತ್ತೆಯ ಪಕ್ಕ ಕೂತು, ಬಾಯಿ ತುಂಬ ತುಂಬಿಕೊಂಡು, ನಗುತ್ತ ಉಂಡೆ. ನವೆಂಬರಿನಲ್ಲಿ ಅವರ ಜೊತೆ ಸಂಜೆ ಉಂಡದ್ದು ಅದೇ ಮೊದಲು.

ಏಳು ನಿಮಿಷ ಇತ್ತು ಆ ಸೂರ್ಯ. ಅತ್ತೆ ಉಣ್ಣುತ್ತಲೇ ಅದರ ಮೇಲೆ ಕಣ್ಣಿಟ್ಟಿದ್ದರು. ಕೊನೆಯ ಅಂಚು ಜಾರಿದ ಕೂಡಲೇ ತಂಬಿಗೆಯನ್ನು ಮೊಣಕಾಲಿನ ಮೇಲಿಟ್ಟು ಬೆರಳಿನ ಉಂಗುರದಿಂದ ಬಡಿದರು. ಠಣ್, ಠಣ್, ಠಣ್. ಪಾರ್ಶ್ವನಾಥರು ಬಾಯಲ್ಲಿದ್ದದ್ದನ್ನು ನುಂಗಿ ಡಬ್ಬಿ ಮುಚ್ಚಿದರು. ಹಿಂದಿನ ಸೀಟಿನ ಮಂದಿ ಇದೇನೋ ವಿಮಾನ ಕಂಪನಿಯ ಪದ್ಧತಿ ಇರಬೇಕೆಂದು ಗಂಭೀರವಾಗಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅತ್ತೆ ಮಗಳ ಮನೆಯ ಅಡಿಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತರು. ಭಕ್ತಿ ಹಸಿ ಬಾಣಂತಿ, ಆದರೂ ಎದ್ದುಬಂದು ತಾನೇ ಬಡಿಸಿದಳು. ಅತ್ತೆ ಮೊದಲ ತುತ್ತು ನುಂಗಿ, ಅತ್ತು, ಆಮೇಲೆ ಉಪ್ಪು ಹೆಚ್ಚಾಗಿದೆ ಎಂದು ಬೈದರು. ಮಗು ಥೇಟು ಅವರದೇ ಗಂಟಲಿನಲ್ಲಿ ಕಿರುಚುತ್ತಿತ್ತು. ಮನೆಯ ತುಂಬ ಸಂತೋಷವಿತ್ತು, ನನ್ನಲ್ಲೂ ಇತ್ತು.

ಊರಿಗೆ ಬಂದರೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಪಾರ್ಶ್ವನಾಥರು ಹುಕ್ಕೇರಿಯಲ್ಲಿ ಹೇಳಿದ್ದು ಹರಿದು ಕೊಣ್ಣೂರು ಮುಟ್ಟಿತ್ತು. ಸುಂದರಾಬಾಯಿ ವಿಮಾನದಲ್ಲಿ ನೇಮ ಮುರಿದರಂತೆ ಎಂದು ಓಣಿಯಲ್ಲಿ ಗುಸುಗುಸು. ಅತ್ತೆ ತಾಟು ಹಿಡಿದು ಮಾಳಿಗೆ ಹತ್ತಿ, ಎಲ್ಲರಿಗೂ ಕೇಳುವ ಹಾಗೆ, “ಅಂದಾವ್ರು ಮ್ಯಾಲೆ ಹತ್ತಿ ನೋಡ್ಯಾರೇನು?” ಎಂದು ಕೇಳಿದರು. ಆಮೇಲೆ ಎಂದಿನಂತೆ ಹೊತ್ತು ನೋಡಿ ತಾಟಿಗೆ ಮೂರು ಏಟು ಹಾಕಿದರು.

ಡಿಸೆಂಬರಿನಲ್ಲಿ ಒಂದು ಸಂಜೆ ಬಸ್ಸು ಬಹಳ ತಡವಾಯಿತು. ನಾನು ಅಗಸಿ ದಾಟಿದಾಗ ಆರೂವರೆ. ತಾಟು ಬಡಿದು ಎಷ್ಟೋ ಹೊತ್ತಾಗಿತ್ತು. ಶಿವವ್ವನ ಒಲೆಯ ಹೊಗೆ ಓಣಿಗೆಲ್ಲ ಹರಡಿತ್ತು. ರೂಢಿಯ ಹಾಗೆ ಮಲಗಿದರಾಯಿತು ಎಂದುಕೊಂಡು ಒಳಗೆ ಬಂದೆ. ಮಣೆ ಹಾಕಿತ್ತು. ಅದರ ಮುಂದೆ ಅದೇ ಹಿತ್ತಾಳೆ ತಾಟು. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಪಕ್ಕದಲ್ಲಿ ಅತ್ತೆ. ಅವರು ತಮ್ಮ ಊಟವನ್ನು ಹೊತ್ತಿರುವಾಗಲೇ ಮುಗಿಸಿದ್ದರು. ಅವರ ನೇಮ ಆಮೇಲೂ ಒಂದು ದಿನವೂ ತಪ್ಪಲಿಲ್ಲ.

“ಅತ್ಯಾರ, ಮುಳುಗಿ ಅರ್ಧಾ ತಾಸ ಆತಲ್ರಿ,” ಎಂದೆ.

“ಕೆಳಗ ಮುಳುಗೇತಿ,” ಎಂದರು ಅತ್ತೆ. “ಮ್ಯಾಲೆ ಇನ್ನೂ ಐತಿ. ಕುಂಡ್ರು, ಉಣ್ಣು.”

ಮೇಲಿನ ಸೂರ್ಯ ಏಳೇ ನಿಮಿಷ ಇರುತ್ತದೆಂದು ನನಗೆ ಗೊತ್ತಿತ್ತು. ಅದು ಜಾರಿದ್ದನ್ನು ಕಣ್ಣಾರೆ ನೋಡಿ ತಂಬಿಗೆ ಬಡಿದವರು ಅವರೇ, ಅವರಿಗೂ ಗೊತ್ತಿತ್ತು. ನಾನು ಕೈ ತೊಳೆದು ಬಂದು ಉಂಡೆ.